ಕಾಳಿಯ ಕಲ್ಲು, ಎರಡು ಖಂಡುಗ ಮಣ್ಣು

ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮದ್ದೂರು ಸೀಮೆಯ ಒಂದು ಕಲ್ಲುಮರಡಿಯ ಮೇಲೆ ಸಾವಿರದ ಎಪ್ಪತ್ತೈದು ವರ್ಷಗಳ ಹಿಂದೆ ನಡೆದದ್ದು ಇಷ್ಟೇ. ನಮ್ಮ ಕಡೆ ಇದು ಇವತ್ತಿಗೂ ಹೊಸ ಸುದ್ದಿಯಲ್ಲ. ರಾತ್ರಿ ಕಬ್ಬಿನ ಗದ್ದೆಗೆ ಹಂದಿ ನುಗ್ಗುತ್ತದೆ, ಕಾವಲಿಗೆ ಮಲಗಿದವನ ನಾಯಿ ಅಟ್ಟಿಸಿಕೊಂಡು ಹೋಗುತ್ತದೆ, ಬೆಳಿಗ್ಗೆ ನೋಡಿದರೆ ಬದುವಿನ ಮೇಲೆ ಹೊಟ್ಟೆ ಸೀಳಿಸಿಕೊಂಡು ಬಿದ್ದಿರುತ್ತದೆ. ಗುಂಡಿ ತೋಡಿ ಮುಚ್ಚುತ್ತಾರೆ. ನಾಲ್ಕು ದಿನ ಮನೆಯಲ್ಲಿ ಅದರದೇ ಮಾತು. ಆಮೇಲೆ ಇನ್ನೊಂದು ಮರಿ ಬರುತ್ತದೆ.

ಕಾಳಿ ಎಂಬ ಆ ನಾಯಿಯನ್ನು ಮಾತ್ರ ಅದರ ಒಡೆಯ ಮರೆಯಲು ಬಿಡಲಿಲ್ಲ. ಆಳೆತ್ತರದ ಒಂದು ಚಪ್ಪಡಿ ತರಿಸಿದ. ಹಂದಿಯ ಜೊತೆ ನಾಯಿ ಸೆಣಸುತ್ತಿರುವುದನ್ನು ಕಡೆಸಿದ. ಸುತ್ತಲೂ ಹಳಗನ್ನಡದಲ್ಲಿ ಬರೆಸಿದ. ಊರ ಚಲ್ಲೇಶ್ವರ ದೇವರ ಮುಂದೆ ನಡಿಸಿದ. ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣು ಬಿಡಿಸಿ, ಆ ಕಲ್ಲಿಗೆ ದಿನವೂ ಪೂಜೆಯಾಗುವಂತೆ ಏರ್ಪಾಟು ಮಾಡಿದ. ಆ ಊರು ಆತಕೂರು. ಮದ್ದೂರು ತಾಲ್ಲೂಕಿನ ಆತಗೂರು ಹೋಬಳಿಯವರಿಗೆ ಹೆಸರು ಹೇಳಿದರೆ ಸಾಕು.

ಶಾಸನ ಓದುವವರಿಗೆ ಆತಕೂರು ಪರಿಚಯದ ಹೆಸರು. ಆದರೆ ಅವರು ಆ ಕಲ್ಲನ್ನು ಹಿಡಿಯುವುದು ಬೇರೆ ಕೊನೆಯಿಂದ. ದಕ್ಷಿಣ ಭಾರತದ ಚರಿತ್ರೆಯಲ್ಲಿ ತಕ್ಕೋಲಂ ಕಾಳಗ ದೊಡ್ಡ ಘಟನೆ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ, ಅಂದರೆ ನಮ್ಮ ಶಾಸನಗಳ ಕನ್ನರದೇವ, ಚೋಳರನ್ನು ಸದೆಬಡಿದದ್ದು ಅಲ್ಲಿ. ಚೋಳ ಪರಾಂತಕನ ಮಗ ರಾಜಾದಿತ್ಯ ಸತ್ತದ್ದು ಅಲ್ಲಿ. ಅದು ಯಾವಾಗ ನಡೆಯಿತು, ರಾಜಾದಿತ್ಯನನ್ನು ಕೊಂದವರು ಯಾರು ಎಂಬ ಪ್ರಶ್ನೆ ಬಂದಾಗಲೆಲ್ಲ ವಿದ್ವಾಂಸರು ಬರುವುದು ಈ ನಾಯಿಯ ಕಲ್ಲಿನ ಬಳಿಗೆ. ಶಕವರ್ಷ 872, ಸೌಮ್ಯ ಸಂವತ್ಸರ ಎಂದು ಕಾಲವನ್ನು ಹೇಳಿರುವುದು ಇಲ್ಲಿ. ನಮ್ಮ ಲೆಕ್ಕಕ್ಕೆ ಅದು ಕ್ರಿ.ಶ. 949-50. ಪಂಪ 'ವಿಕ್ರಮಾರ್ಜುನ ವಿಜಯ' ಮುಗಿಸಿ ಎಂಟು ವರ್ಷವಾಗಿತ್ತು. ಕನ್ನರದೇವನಿಂದ 'ಉಭಯಕವಿಚಕ್ರವರ್ತಿ' ಎನ್ನಿಸಿಕೊಂಡ ಪೊನ್ನನೂ ಇದೇ ಕಾಲದವನು.

ಬಿ.ಎಲ್. ರೈಸ್ ಸಾಹೇಬರು 'ಎಪಿಗ್ರಾಫಿಯಾ ಕರ್ನಾಟಿಕ'ದ ಮೂರನೆಯ ಸಂಪುಟದಲ್ಲಿ, 1894ರಲ್ಲಿ, ಇದನ್ನು ಅಚ್ಚು ಹಾಕಿದರು. ಆಗ ಮಂಡ್ಯ ಜಿಲ್ಲೆ ಎಂಬುದೇ ಇರಲಿಲ್ಲ. ಮೈಸೂರಿನಿಂದ ಬೇರೆಯಾದದ್ದು 1939ರಲ್ಲಿ. ಫ್ಲೀಟ್ ಅವರೂ ಈ ಶಾಸನವನ್ನು ಬಿಡಿಸಿ ಬಿಡಿಸಿ ಓದಿದರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿ ತಂದ ಸಂಪುಟಗಳಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಶಾಸನಗಳು ಏಳನೆಯ ಸಂಪುಟದಲ್ಲಿ ಒಟ್ಟಿಗೆ ಸೇರಿವೆ. ಬಿಡುವಿದ್ದಾಗ ಆ ದಪ್ಪ ಪುಸ್ತಕ ತಿರುವಿಹಾಕುವುದು ನನಗೆ ಹಳೆಯ ಚಟ. ಪುಟಕ್ಕೊಂದು ಗೊತ್ತಿರುವ ಊರು ಸಿಗುತ್ತದೆ. ಬಸ್ಸಿನ ಬೋರ್ಡಿನ ಮೇಲೆ ದಿನಾ ಕಾಣುವ ಹೆಸರಿಗೆ ಹೊಯ್ಸಳ ದಂಡನಾಯಕನೊಬ್ಬನೋ ಗಂಗರ ಗಾವುಂಡನೊಬ್ಬನೋ ಅಂಟಿಕೊಂಡಿರುತ್ತಾನೆ.

ಕತೆಗೆ ಬರೋಣ. ಗಂಗರ ಇಮ್ಮಡಿ ಬೂತುಗ ತನ್ನವನೇ ಆದ ರಾಚಮಲ್ಲನನ್ನು ಕಾದಿ ಕೊಂದು ಗಂಗವಾಡಿ ತೊಂಬತ್ತಾರು ಸಾವಿರವನ್ನು ಆಳುತ್ತಿದ್ದವನು. ಈ ಮಾತನ್ನು ಶಾಸನವೇ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಕನ್ನರದೇವನ ಅಕ್ಕ ರೇವಕನಿಮ್ಮಡಿಯನ್ನು ಮದುವೆಯಾಗಿದ್ದವನು, ಅಂದರೆ ಚಕ್ರವರ್ತಿಗೆ ಭಾವ. ಚೋಳರ ಮೇಲೆ ದಂಡು ಹೋದಾಗ ಬೂತುಗ ಹೋದ. ಬೂತುಗನ ಜೊತೆಗೆ ಮಣಲೆರ ಎಂಬ ಅವನ ನಚ್ಚಿನ ಬಂಟನೂ ಹೋದ. ಸಗರ ವಂಶದವನು, ವಳಭೀಪುರದ ಒಡೆಯರ ಪೀಳಿಗೆಯವನು ಎಂದು ಶಾಸನ ಅವನನ್ನು ಹೊಗಳುತ್ತದೆ.

ತಕ್ಕೋಲಂ ಇರುವುದು ಇವತ್ತಿನ ತಮಿಳುನಾಡಿನ ಅರಕ್ಕೋಣಂ ಹತ್ತಿರ. ಮದ್ದೂರಿನಿಂದ ಮುನ್ನೂರು ಕಿಲೋಮೀಟರಿಗೂ ಆಚೆ. ಆನೆಯ ಮೇಲಿದ್ದ ರಾಜಾದಿತ್ಯನ ಬಿಸುಗೆಯನ್ನೇ ಕಳನಾಗಿಸಿಕೊಂಡು ಬೂತುಗ ಸುರಗಿಯಿಂದ ಇರಿದು ಕೊಂದನೆಂದು ಆತಕೂರಿನ ಕಲ್ಲು ಹೇಳುತ್ತದೆ. ಬಿಸುಗೆ ಎಂದರೆ ಅಂಬಾರಿ. ಸುರಗಿ ಮೊಳಕ್ಕಿಂತ ಕಿರಿದಾದ ಆಯುಧ. ಅಷ್ಟು ಹತ್ತಿರದ ಕೊಲೆ. ಚೋಳರ ತಾಮ್ರಶಾಸನಗಳೂ ಅವನು ಆನೆಯ ಮೇಲೆಯೇ ಪ್ರಾಣ ಬಿಟ್ಟನೆಂದು ಒಪ್ಪುತ್ತವೆ. ಆದರೆ ಅವುಗಳ ಪ್ರಕಾರ ಎದೆಗೆ ನಾಟಿದ್ದು ಕೃಷ್ಣರಾಜನ ಬಾಣಗಳು. ಆನೆಯ ಮೇಲೆ ಕಣ್ಣುಮುಚ್ಚಿದ ದೊರೆ ಎಂಬುದೇ ತಮಿಳಿನಲ್ಲಿ ರಾಜಾದಿತ್ಯನ ಬಿರುದಾಗಿ ಉಳಿಯಿತು. ಸೋತವರು ತಮ್ಮ ಮಗನಿಗೆ ದೂರದಿಂದ ಬಂದ ಬಾಣದ ಸಾವನ್ನು ಕೊಟ್ಟರು. ಗೆದ್ದವರು ತಮ್ಮ ಬೂತುಗನಿಗೆ ಅಂಬಾರಿ ಹತ್ತುವ ಎದೆಗಾರಿಕೆಯನ್ನು ಕೊಟ್ಟರು. ಎರಡು ಕಡೆಯ ಶಾಸನಗಳನ್ನೂ ಪಕ್ಕಪಕ್ಕ ಇಟ್ಟು ಓದುವಾಗ ನನಗೆ ಇಬ್ಬರ ಮೇಲೂ ಮರುಕ ಬರುತ್ತದೆ.

ಗೆದ್ದ ಮೇಲೆ ಹಂಚಿಕೆ. ಕನ್ನರದೇವ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಕೊಟ್ಟ. ಬೂತುಗ ತನ್ನ ಮುಂದೆ ನಿಂತು ಕಾದಿದ ಮಣಲೆರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ಕೊಟ್ಟ. ಈ ಕೊಡುಗೆಯನ್ನು ಶಾಸನ 'ಬಾಳ್ಗಚ್ಚು' ಎಂದು ಕರೆಯುತ್ತದೆ. ಬಾಳ್ ಎಂದರೆ ಕತ್ತಿ. ಕಚ್ಚು ಎಂದರೆ ತೊಳೆಯುವುದು. ನೆತ್ತರಾದ ಕತ್ತಿಯನ್ನು ತೊಳೆದು ಕೊಟ್ಟ ದತ್ತಿ.

ಈ ಪದವನ್ನು ಮೊದಲು ಓದಿದಾಗ ನನಗೆ ನೆನಪಾದದ್ದು ನಮ್ಮಜ್ಜಿಯ ಹಿತ್ತಲು. ಅಲ್ಲಿ ಕೊಟ್ಟಿಗೆಯ ಪಕ್ಕ ಒಂದು ಕಲ್ಲುಬಾನಿ ಇತ್ತು. ಅಕ್ಕಿ ತೊಳೆದ ನೀರು, ಪಾತ್ರೆ ಬಳಿದ ನೀರು, ಉಳಿದ ಮುದ್ದೆಯ ಚೂರು, ತರಕಾರಿ ಸಿಪ್ಪೆ ಎಲ್ಲವೂ ಅದಕ್ಕೆ ಬೀಳುತ್ತಿತ್ತು. ಸಂಜೆ ಎಮ್ಮೆ ಬಂದು ಮೂತಿ ಮುಳುಗಿಸಿ ಸೊರಸೊರ ಕುಡಿಯುತ್ತಿತ್ತು. ಅದರ ಹೆಸರು ಕಲಗಚ್ಚು. ಕಲ ಎಂದರೆ ಪಾತ್ರೆ, ಗಚ್ಚು ಅದೇ ಕಚ್ಚು, ಪಾತ್ರೆ ತೊಳೆದದ್ದು. ಬಾಳ್ಗಚ್ಚು ಅರಮನೆಯ ಜೊತೆಗೆ ಹೋಯಿತು. ಕಲಗಚ್ಚು ಮಂಡ್ಯದ ಹಟ್ಟಿಗಳಲ್ಲಿ ಇನ್ನೂ ಇದೆ. ಹತ್ತನೆಯ ಶತಮಾನದ ಕ್ರಿಯಾಪದವೊಂದು ಎಮ್ಮೆಯ ಬಾನಿಯಲ್ಲಿ ಬದುಕಿಕೊಂಡಿದೆ ಎಂದು ತಿಳಿದ ದಿನ ನನಗಾದ ಸಂತೋಷವನ್ನು ಯಾರ ಬಳಿ ಹೇಳಿಕೊಳ್ಳಲಿ ಎಂದು ಒದ್ದಾಡಿದ್ದೆ. ಅಜ್ಜಿ ಅಷ್ಟೊತ್ತಿಗೆ ಇರಲಿಲ್ಲ.

ಊರುಗಳ ಹಂಚಿಕೆಗೆ ಮುಂಚೆ ಇನ್ನೊಂದು ಮಾತುಕತೆ ನಡೆದಿತ್ತು. ಮಣಲೆರನ ಶೌರ್ಯವನ್ನು ಕಂಡು ಬೂತುಗ, ಮೆಚ್ಚಿದ್ದೇನೆ, ಏನು ಬೇಕೋ ಬೇಡಿಕೋ ಎಂದ. ದೊರೆ ಹಾಗೆಂದಾಗ ಬಂಟರು ಕೇಳುವುದು ಹೊನ್ನು, ಕುದುರೆ, ಊರು. ಮಣಲೆರ ಕೇಳಿದ್ದು ಕಾಳಿಯನ್ನು. ಬೂತುಗನ ಬಳಿಯಿದ್ದ ಬೇಟೆನಾಯಿ ಅದು. ಕೊಟ್ಟ. ಈ ಕೇಳಿಕೆಯಲ್ಲಿ ಎಷ್ಟೋ ದಿನಗಳ ಆಸೆ ಅಡಗಿದೆ ಎಂದು ನನಗನ್ನಿಸುತ್ತದೆ. ದಂಡಿನ ಜೊತೆ ಮುನ್ನೂರು ಕಿಲೋಮೀಟರು ನಡೆದವನು, ಬಿಡಾರದ ಬೆಂಕಿಯ ಪಕ್ಕ ದೊರೆಯ ನಾಯಿಯನ್ನು ನೋಡಿಕೊಂಡೇ ಕೂತಿದ್ದಿರಬೇಕು. ಹಣೆಯ ಮೇಲೆ ಕೈಯಾಡಿಸಿದ್ದಿರಬೇಕು. ಕಪ್ಪು ನಾಯಿಯೇ ಇದ್ದೀತು. ಈಗಲೂ ನಮ್ಮ ಹಳ್ಳಿಗಳಲ್ಲಿ ಕಪ್ಪು ನಾಯಿಗೆ ಕರಿಯ, ಕಾಳ, ಕಾಳಿ ಎಂಬ ಹೆಸರುಗಳೇ.

ಕೆಳಲೆ ನಾಡಿನ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಛೂ ಬಿಟ್ಟರು. ಕೆಳಲೆ ನಾಡು ಎಂದರೆ ನಮ್ಮ ಮದ್ದೂರು ಸೀಮೆ. ಮೊರಡಿ ಎಂದರೆ ಈಗಿನ ಮರಡಿ, ಬೋಳು ಬಂಡೆ, ಕುರುಚಲು ಗಿಡ, ಅಲ್ಲಲ್ಲಿ ಮುಳ್ಳುಪೊದೆ. ಆಮೇಲೆ ಏನಾಯಿತು ಎಂಬುದಕ್ಕೆ ಶಾಸನ ಬಳಸಿರುವ ಕ್ರಿಯಾಪದ 'ಒಡಸತ್ತುವು'. ಎರಡೂ ಒಟ್ಟಿಗೆ ಸತ್ತವು. ಅಂಬಾರಿಯ ಮೇಲಿನ ಕೊಲೆಗೆ, ದೊರೆಗಳ ಬಿರುದುಗಳಿಗೆ, ವಂಶಾವಳಿಗೆ ಅಷ್ಟೊಂದು ಸಾಲು ಕೊಟ್ಟ ಬರಹಗಾರ ಕಾಳಿಯ ಸಾವಿಗೆ ಕೊಟ್ಟದ್ದು ಇದೊಂದೇ ಪದ. ಒಡ ಎಂಬುದರಲ್ಲಿ ಜೊತೆ ಇದೆ. ಒಡಹುಟ್ಟು, ಒಡನಾಟ, ಒಡಸಾವು. ಕೊಂದದ್ದನ್ನೂ ಕೊಲೆಯಾದದ್ದನ್ನೂ ಒಂದೇ ಪದಕ್ಕೆ ಕಟ್ಟಿದ ಕನ್ನಡ ಇದು.

ಕಲ್ಲು ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕೆಂಪು ಬಣ್ಣದ ಹಳೆಯ ಕಟ್ಟಡ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ. ಹಂದಿ ದಪ್ಪ, ಗುಡ್ಡದಂಥ ಬೆನ್ನು. ನಾಯಿ ಅದಕ್ಕಿಂತ ತೆಳುವು, ಆದರೆ ಮೈಯೆಲ್ಲ ಬಿಗಿ. ಕಡೆದವನು ನಾಯಿಯನ್ನು ಕಣ್ಣಾರೆ ನೋಡಿದವನು ಎಂದು ಅಲ್ಲೇ ಗೊತ್ತಾಗುತ್ತದೆ. ನಮ್ಮ ವೀರಗಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು ಹೊತ್ತೊಯ್ಯುವುದು, ಮೇಲೆ ಲಿಂಗದ ಮುಂದೆ ವೀರ ಕೈಮುಗಿದು ಕೂರುವುದು ಸಾಮಾನ್ಯವಾಗಿ ಕಾಣುವ ಕ್ರಮ. ಇಲ್ಲಿ ಕಣ್ಣು ಹಿಡಿದು ನಿಲ್ಲಿಸುವುದು ಆ ಎರಡು ಪ್ರಾಣಿಗಳ ಸೆಣಸು. ಶಾಲೆಯ ಮಕ್ಕಳ ಒಂದು ಗುಂಪು ಬಂತು. ಮೇಷ್ಟರು ರಾಷ್ಟ್ರಕೂಟ, ಚೋಳ ಎಂದು ಹೇಳಿ ಮುಂದೆ ಹೋದರು. ಕೊನೆಯಲ್ಲಿದ್ದ ಒಬ್ಬ ಹುಡುಗಿ ಮಾತ್ರ ನಿಂತು, "ನಾಯೀದಾ ಇದು?" ಎಂದು ನನ್ನನ್ನು ಕೇಳಿದಳು. ಹೌದು, ಕಾಳಿ ಅಂತ ಹೆಸರು ಎಂದೆ. "ಕಾಳಿ" ಎಂದು ಒಂದು ಸಲ ಮೆಲ್ಲಗೆ ಕರೆದು ಓಡಿದಳು.

ಪೂಜೆಯ ಏರ್ಪಾಟಿನ ವಿಷಯಕ್ಕೆ ಬಂದರೆ ನನಗೆ ಇಡೀ ಶಾಸನದಲ್ಲಿ ಅತ್ಯಂತ ಪ್ರಿಯವಾದ ಭಾಗ ಅದು. ಎರಡು ಖಂಡುಗ ಎಂಬುದು ಬಿತ್ತನೆಯ ಲೆಕ್ಕ. ಇಷ್ಟು ಬೀಜ ಹಿಡಿಯುವ ನೆಲ ಎಂದು ಗದ್ದೆಯನ್ನು ಅಳೆಯುವ ರೂಢಿ ನಮ್ಮ ಹಿರಿಯರ ಬಾಯಲ್ಲಿ ಮೊನ್ನೆಮೊನ್ನೆಯವರೆಗೂ ಇತ್ತು. ಹತ್ತು ಕೊಳಗದ ಗದ್ದೆ, ಖಂಡುಗದ ಗದ್ದೆ. ಅದೂ ಕೆರೆಯ ಕೆಳಗಿನ ನೆಲ. ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಹರಿದು ಮಂಡ್ಯದ ಬಯಲಿಗೆ ಬಂದದ್ದು 1932ರ ನಂತರ. ಮರುವರ್ಷ ಸಕ್ಕರೆ ಕಂಪನಿ ಬಂತು. ಅದಕ್ಕೂ ಮೊದಲಿನ ಸಾವಿರ ವರ್ಷ ಈ ಸೀಮೆ ಕೆರೆಯನ್ನೇ ನೆಚ್ಚಿಕೊಂಡಿತ್ತು. ಕೆರೆಯ ಕೆಳಗಿನ ಎರಡು ಖಂಡುಗ ಎಂದರೆ ಊರಿನ ಅನ್ನದ ಬಟ್ಟಲಿನಿಂದ ಒಂದು ತುತ್ತನ್ನು ತೆಗೆದು ನಾಯಿಯ ಹೆಸರಿಗೆ ಇಟ್ಟ ಹಾಗೆ.

ಆ ಕಲ್ಲನ್ನು ನೋಡಿಕೊಳ್ಳಬೇಕಾದವನು ಗೊರವ. ಆ ಕಾಲಕ್ಕೆ ಗೊರವ ಎಂದರೆ ಶಿವನ ಗುಡಿಯ ಪೂಜಾರಿ, ಶೈವ ತಪಸ್ವಿ. ಅವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ಆ ನಾಯಿ ಮಾಡಿದ ಪಾಪ ಅವನಿಗೆ. ಬಿಟ್ಟ ಮಣ್ಣನ್ನು ಒಕ್ಕಲಾಗಲಿ, ನಾಡನ್ನು ಆಳುವವನಾಗಲಿ, ಊರನ್ನು ಆಳುವವನಾಗಲಿ ಹಾಳುಮಾಡಿದರೆ ಅವರಿಗೂ ಅದೇ ಪಾಪ. ನಮ್ಮ ದಾನಶಾಸನಗಳ ಶಾಪಾಶಯ ಯಾರಿಗೂ ಬಾಯಿಪಾಠ: ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು ಕೊಂದ ಪಾಪ, ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುವ ಪಾಪ. ಮಣಲೆರ ಅಷ್ಟು ದೂರ ಹೋಗಲಿಲ್ಲ. ಕಾಳಿಯ ಪಾಪವೇ ಸಾಕೆಂದ.

ನಾಯಿ ಮಾಡಿದ ಪಾಪ ಯಾವುದು? ಹಂದಿಯನ್ನು ಕೊಂದದ್ದು ಎಂದು ನಾನು ಓದಿಕೊಳ್ಳುತ್ತೇನೆ. ನಾಯಿಗೆ ಕಲ್ಲು ನಡಿಸಿ, ಪೂಜೆಗೆ ಗದ್ದೆ ಬಿಟ್ಟು, ಮೂರು ಲೋಕಕ್ಕೂ ಅದರ ಹೆಸರು ಸಾರುವ ಹೊತ್ತಿನಲ್ಲೂ ಅದು ಮಾಡಿದ್ದು ಕೊಲೆ ಎಂಬುದನ್ನು ಅವರು ಮರೆಯಲಿಲ್ಲ. ತಕ್ಕೋಲಂನಲ್ಲಿ ಸತ್ತ ಸಾವಿರಾರು ಜನರ ಲೆಕ್ಕದಲ್ಲಿ ಈ ಕಲ್ಲು ಪಾಪದ ಮಾತೆತ್ತುವುದಿಲ್ಲ. ಅಲ್ಲಿ ಕತ್ತಿ ತೊಳೆದರೆ ಸಾಕಿತ್ತು. ಮರಡಿಯ ಮೇಲೆ ಒಂದು ಹಂದಿಯನ್ನು ಕೊಂದ ನಾಯಿಗೆ ಮಾತ್ರ ಪಾಪ ತಗುಲಿತು. ಅದನ್ನು ಕಳೆಯಲು ದಿನವೂ ಹೂವು ನೀರು ಬೇಕಾಯಿತು. ಈ ಶಾಸನದ ಎರಡು ಸಾವುಗಳ ನಡುವಿನ ಈ ಅಂತರವನ್ನು ಎಷ್ಟು ಸಲ ಯೋಚಿಸಿದರೂ ನನಗೆ ತೀರುವುದಿಲ್ಲ.

ಗೊರವರ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಇವತ್ತು ನಮ್ಮ ಮೈಸೂರು, ಮಂಡ್ಯದ ಜಾತ್ರೆಗಳಲ್ಲಿ ಕರಡಿಕೂದಲ ಟೋಪಿ ಹಾಕಿಕೊಂಡು, ಡಮರುಗ ಬಡಿಯುತ್ತ, ಪಿಳ್ಳಂಗೋವಿ ಊದುತ್ತ ಕುಣಿಯುವ ಗೊರವಯ್ಯನವರನ್ನು ಎಲ್ಲರೂ ಕಂಡಿದ್ದಾರೆ. ಮೈಲಾರಲಿಂಗನ ಒಕ್ಕಲು. ಅವರ ದೋಣಿ ಸೇವೆಯಲ್ಲಿ ಗೊರವರು ದೇವರ ನಾಯಿಗಳಾಗುತ್ತಾರೆ. ಬೊಗಳುತ್ತಾರೆ, ಮೊಣಕಾಲೂರಿ ದೋಣಿಯಲ್ಲಿನ ಹಾಲು ಬಾಳೆಹಣ್ಣಿಗೆ ಬಾಯಿ ಹಾಕುತ್ತಾರೆ. ಆತಕೂರಿನ ಗೊರವನಿಗೂ ಇವರಿಗೂ ನೇರ ನಂಟು ಕಟ್ಟುವ ಆತುರ ನನಗಿಲ್ಲ. ನಡುವೆ ಸಾವಿರ ವರ್ಷ ಇದೆ. ಆದರೂ ದೋಣಿಯ ಸುತ್ತ ಗೊರವಯ್ಯಗಳು ಗುರುಗುಟ್ಟುವಾಗ ಕಾಳಿಯ ಕಲ್ಲಿಗೆ ನೀರು ಹೊಯ್ಯದೆ ಉಣ್ಣಬಾರದೆಂಬ ಕಟ್ಟಿಗೆ ಒಳಗಾಗಿದ್ದ ಆ ಹೆಸರಿಲ್ಲದ ಗೊರವ ನೆನಪಾಗದೆ ಇರುವುದಿಲ್ಲ.

ತಕ್ಕೋಲಂನ ಗೆಲುವು ಬಹಳ ಕಾಲ ಬಾಳಲಿಲ್ಲ. 'ಕಂಚಿಯನ್ನೂ ತಂಜಾವೂರನ್ನೂ ಗೆದ್ದವ' ಎನ್ನಿಸಿಕೊಂಡ ಕನ್ನರದೇವನ ಸಾಮ್ರಾಜ್ಯ ಅವನ ಹಿಂದೆಯೇ ಕುಸಿಯಿತು. ಬೂತುಗನ ಮಗ ಮಾರಸಿಂಹ ಬಂಕಾಪುರದಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟ. ಅವನಿಗೂ ಅವನ ನಂತರದವನಿಗೂ ಮಂತ್ರಿಯಾಗಿದ್ದ ಚಾವುಂಡರಾಯ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ. ನಾಯಿಗೆ ಕಲ್ಲು ಕಡೆದ ನಾಡು ಒಂದು ತಲೆಮಾರು ಕಳೆಯುವುದರೊಳಗೆ ಇಡೀ ಬೆಟ್ಟವನ್ನೇ ದಿಗಂಬರನಾಗಿ ಕಡೆಯಿತು. ಅದೂ ಗಂಗರ ಕೊನೆಯ ಕಾಲವೇ. 1004ರ ಹೊತ್ತಿಗೆ ರಾಜರಾಜ ಚೋಳನ ದಂಡು ಬಂದು ತಲಕಾಡನ್ನು ಹಿಡಿಯಿತು. ಮಳವಳ್ಳಿ ಪಕ್ಕದ ಮಾರೇಹಳ್ಳಿಗೆ ಹೋದರೆ ಲಕ್ಷ್ಮೀನರಸಿಂಹನ ಗುಡಿ ಇದೆ. ಚೋಳರ ಕಾಲದಲ್ಲಿ ಅದರ ಹೆಸರು ರಾಜಾಶ್ರಯ ವಿಣ್ಣಗರ. ರಾಜಾಶ್ರಯ ಎಂಬುದು ರಾಜರಾಜನದೇ ಬಿರುದು. ಆನೆಯ ಮೇಲೆ ಸತ್ತ ರಾಜಾದಿತ್ಯ ಅವನ ತಾತನ ಅಣ್ಣ. ಬೂತುಗನ ಸುರಗಿಯ ಲೆಕ್ಕ ಐವತ್ತೈದು ವರ್ಷದ ಮೇಲೆ ತೀರಿತು. ಮಳವಳ್ಳಿ ಸೀಮೆಯ ಗುಡಿಗಳಲ್ಲಿ ತಮಿಳಿನ ಶಾಸನಗಳು ಎದ್ದವು. ಮುಂದೆ ಹೊಯ್ಸಳ ವಿಷ್ಣುವರ್ಧನ ಬಂದು 'ತಲಕಾಡುಗೊಂಡ' ಎನ್ನಿಸಿಕೊಳ್ಳುವವರೆಗೂ ಈ ಸೀಮೆ ಚೋಳರ ಕೈಯಲ್ಲಿತ್ತು.

ಈ ಏರಿಳಿತದಲ್ಲೆಲ್ಲ ಆತಕೂರಿನ ಕಲ್ಲು ನಿಂತೇ ಇತ್ತು. ಎರಡು ಖಂಡುಗ ಮಣ್ಣು ಯಾರ ಕೈಸೇರಿತೋ. ವಸ್ತುಸಂಗ್ರಹಾಲಯಕ್ಕೆ ಹೋದದ್ದರಿಂದ ಕಲ್ಲು ಉಳಿಯಿತು, ಅದರಲ್ಲಿ ಅನುಮಾನವಿಲ್ಲ. ಬಟ್ಟೆ ಒಗೆಯುವ ಕಲ್ಲಾಗಿ, ಮೋರಿಯ ಚಪ್ಪಡಿಯಾಗಿ, ರಸ್ತೆ ಅಗಲ ಮಾಡುವಾಗ ಮಣ್ಣಿನೊಳಗೆ ಹೂತು ಹೋದ ವೀರಗಲ್ಲುಗಳನ್ನು ನಾನೇ ಕಂಡಿದ್ದೇನೆ. ಆದರೂ ಕಾಳಿಯ ಕಲ್ಲಿನ ಒಂದು ಪ್ರತಿಯನ್ನಾದರೂ ಕಡೆಸಿ ಆತಕೂರಿನಲ್ಲಿ ನಿಲ್ಲಿಸಬೇಕು, ಪಕ್ಕದಲ್ಲಿ ಇವತ್ತಿನ ಕನ್ನಡದಲ್ಲಿ ಕತೆ ಬರೆಸಬೇಕು ಎಂದು ನನಗೆ ತುಂಬ ಆಸೆ. ಮದ್ದೂರಿನಲ್ಲಿ ವಡೆಗೆಂದು ಕಾರು ನಿಲ್ಲಿಸುವವರಲ್ಲಿ ಹತ್ತಕ್ಕೊಬ್ಬರಾದರೂ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿ ಬಂದಾರು. ಊರಿನ ಮಕ್ಕಳು ಶಾಲೆಗೆ ಹೋಗುವಾಗ ತಮ್ಮ ಊರ ಹೆಸರು ಹೊತ್ತ ಚರಿತ್ರೆಯನ್ನು ಕೈಯಿಂದ ಮುಟ್ಟಿ ನೋಡುವಂತಾಗಬೇಕು.

ಹೋದ ಸುಗ್ಗಿಯಲ್ಲಿ ಮದ್ದೂರು, ಮಳವಳ್ಳಿ ನಡುವಿನ ಒಂದು ಹಳ್ಳಿಯಲ್ಲಿ ದಾರಿ ಕೇಳಲು ನಿಂತೆ. ಅರಳಿಕಟ್ಟೆಯ ಕೆಳಗೆ ಅರ್ಧ ಹೂತ ವೀರಗಲ್ಲೊಂದಿತ್ತು. ಎಣ್ಣೆ ಕುಡಿದು ಕುಡಿದು ಕಪ್ಪಾಗಿತ್ತು. ಬಿಲ್ಲು ಹಿಡಿದವನ ಮೊಣಕೈ ಮಾತ್ರ ಮಸುಕಾಗಿ ಕಾಣುತ್ತಿತ್ತು. ಅಕ್ಷರ ಇದ್ದರೂ ಬೆರಳಿಗೆ ಸಿಗುವಂತಿರಲಿಲ್ಲ. ವಯಸ್ಸಾದ ಹೆಂಗಸೊಬ್ಬರು ಚೊಂಬು ಹಿಡಿದುಕೊಂಡು ಬಂದರು. ನೀರು ಹೊಯ್ದರು, ಸೆರಗಿನ ತುದಿಯಿಂದ ಒರೆಸಿದರು, ಒಂದು ಕಣಗಿಲೆ ಹೂವಿಟ್ಟರು.

"ಇದು ಯಾರ ಕಲ್ಲಮ್ಮ?" ಎಂದೆ.

"ಯಾರ್ದೋ ಏನೋ ಕನಪ್ಪ, ಯಾರ್ಗೊತ್ತು. ನಮ್ಮತ್ತೆ ಹುಯ್ತಿದ್ರು, ನಾನೂ ಹುಯ್ತೀನಿ. ಇದ್ಕೆ ಒಂದ್ ಚೊಂಬು ನೀರ್ ಹುಯ್ದೆ ಉಣ್ಣಾಕ್ ಕುಂತ್ರೆ ತುತ್ತು ಗಂಟ್ಲಾಗ್ ಇಳಿಯಕಿಲ್ಲ ನಂಗೆ."

ಚೊಂಬನ್ನು ಬೋರಲು ಮಾಡಿ ಉಳಿದ ಹನಿಯನ್ನೂ ಕಲ್ಲಿನ ಮೇಲೆ ಕೊಡವಿ, ಉಣ್ಣಲು ಮನೆಯ ಕಡೆ ನಡೆದರು.